ಬೇಕಿಗೂ ಸಾಕಿಗೂ ನಡುವೆ

ನಂದಗುಡಿ ಕಡೆಯ ಆ ಹಳ್ಳಿಯ ಡೈರಿಯಲ್ಲಿ ಸಂಜೆ ಹಾಲು ಹಾಕುವ ಹೊತ್ತು. ಸಾಲಿನಲ್ಲಿ ಒಂದು ಹೊಸ ಮುಖ. ಮೈಮೇಲೆ ಏರ್‌ಪೋರ್ಟ್ ಕಾರ್ಗೋದ ಯೂನಿಫಾರ್ಮು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಹಾಲಿನ ಕ್ಯಾನು! ಹಿಂದೆ ನಿಂತ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಹಾಲು ಅಳೆಯುತ್ತಿದ್ದ ಅಕ್ಷತ ತಲೆಯೆತ್ತಿದವಳೇ ಬೆವೆತುಹೋದಳು. ಕೆಂಪರಾಜ್! ಹೋದ ತಿಂಗಳು ಅವಳನ್ನು ನೋಡಲು ಬಂದಿದ್ದ ಹುಡುಗ. ಆಮೇಲೆ ದಿನಾ ಮೆಸೇಜು ಮಾಡಿ ನಗಿಸಿದವನು. ಭಾನುವಾರ ಇಬ್ಬರ ಒಪ್ಪಿಗೆ ಶಾಸ್ತ್ರ. ಅವನಿಗೆ ಅವಳು ಒಂದು ವಾರದಿಂದ ಒಂದಕ್ಷರ ಉತ್ತರ ಕೊಟ್ಟಿರಲಿಲ್ಲ.

ಮುಚ್ಚಳ ತೆಗೆದರೆ ಕ್ಯಾನಿನ ತಳದಲ್ಲಿ ಒಂದೆರಡು ಲೋಟ ಹಾಲು.

“ಇಷ್ಟೇನಾ?”

“ಅಂಗಡೀಲಿ ಒಂದೇ ಪ್ಯಾಕೆಟ್ ಇತ್ತು.”

ಉಕ್ಕಿಬಂದ ನಗುವನ್ನು ಅಕ್ಷತ ತುಟಿ ಕಚ್ಚಿ ತಡೆದಳು. “ಪ್ಯಾಕೆಟ್ ಹಾಲು ತಂದು ಡೈರಿಗೆ ಹಾಕ್ತಾರೇನ್ರೀ ಯಾರಾದ್ರೂ?”

“ನಿಮ್ಮ ಫೋನ್ ಸ್ವಿಚಾಫ್ ಆಗಿರ್ದಿದ್ರೆ ನಾನ್ಯಾಕೆ ಕ್ಯಾನ್ ಹಿಡ್ಕೊಂಡು ಇಲ್ಲಿ ನಿಲ್ತಿದ್ದೆ?”

ಸಾಲು ಕರಗಿದ ಮೇಲೆ ಇಬ್ಬರೂ ಡೈರಿಯ ಗೋಡೆ ಪಕ್ಕ ನಿಂತರು. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಪಿಳ್ಳಮ್ಮ ಆಚೆ ಮೂಲೆಯಲ್ಲಿ ಕಾಯುತ್ತಿದ್ದಳು. ಮುಖ ರಸ್ತೆ ಕಡೆಗೆ, ಕಿವಿ ಪೂರ್ತಿ ಇತ್ತಕಡೆಗೆ.

“ಇಷ್ಟ ಇಲ್ಲ ಅಂದ್ರೆ ಹೇಳ್ಬಿಡಿ,” ಅಂದ ಕೆಂಪರಾಜ್. “ಮನೇಲಿ ನಾನೇ ಏನೋ ಒಂದು ಹೇಳ್ಕೋತೀನಿ, ನಿಮ್ಮ ಮೇಲೆ ಮಾತು ಬರದಂಗೆ.” ಅಷ್ಟು ಹೇಳುವಷ್ಟರಲ್ಲಿ ಅವನ ದನಿ ಇಳಿದುಹೋಗಿತ್ತು.

ಅಕ್ಷತ ಅಜ್ಜಿಯ ಕಡೆ ಒಮ್ಮೆ ನೋಡಿದಳು. ಹಳೇ ಕಥೆ ಬಾಯಿಬಿಟ್ಟರೆ ಸಂಬಂಧ ಮುರಿದುಬೀಳುತ್ತದೆ ಎಂದು ಅಜ್ಜಿ ಸಾರಿ ಸಾರಿ ಹೇಳಿದ್ದಳು. ಮುರಿದರೆ ಮುರಿಯಲಿ, ಸುಳ್ಳು ಹೇಳಿ ಇವನ ಜೊತೆ ಬಾಳಲಾರೆ ಅನ್ನಿಸಿತು.

“ಪಿಯುಸಿಲಿ ನಂಗೆ ಫೋನ್ ಗೇಮಿನ ಚಟ ಹತ್ತಿತ್ತು. ಊಟ ಬಿಟ್ಟೆ, ಕಾಲೇಜು ಬಿಟ್ಟೆ. ಫೋನ್ ಕಿತ್ಕೊಳ್ಳೋಕೆ ಬಂದ ಅಜ್ಜಿ ಕೈ ಕಚ್ಚಿದೀನಿ. ಬೆಂಗಳೂರಲ್ಲಿ ಡಾಕ್ಟ್ರಿಗೆ ತೋರ್ಸಿದ್ರು. ಅಂಥ ಹುಡುಗ್ರ ಮೆದುಳಿನ ಮೇಲೆ ಅಲ್ಲೊಂದು ಸ್ಟಡಿ ನಡೀತಿತ್ತು, ನನ್ನ ತಲೇನೂ ಸ್ಕ್ಯಾನ್ ಮಾಡಿದ್ರು.”

“ಏನಂದ್ರು?”

“ಮೆದುಳಲ್ಲಿ ಬೇಕು ಬೇಕು ಅನ್ನೋ ಜಾಗ ಒಂದಂತೆ, ಸಾಕು ಬಿಡು ಅಂತ ತಡೆಯೋ ಜಾಗ ಇನ್ನೊಂದಂತೆ. ಗೇಮ್ ಚಟ ಹತ್ತಿದ ಎಷ್ಟೋ ಹುಡುಗ್ರಲ್ಲಿ ಎರಡರ ನಡುವಿನ ಸಂಪರ್ಕ ಸಡಿಲ ಆಗಿರ್ತದಂತೆ. ಒಬ್ಬರ ಸ್ಕ್ಯಾನ್ ನೋಡಿ ಇವರು ಹಿಂಗೇ ಅನ್ನಕ್ಕಾಗಲ್ಲ, ಬೆಳೆಯೋ ಮೆದುಳು, ಸರಿಹೋಗ್ಬಹುದು ಅಂತಾನೂ ಹೇಳಿದ್ರು. ನನ್ನ ಮನಸಲ್ಲಿ ಸಡಿಲ ಅನ್ನೋದೊಂದೇ ಉಳ್ಕೊಂಡ್ಬಿಡ್ತು.”

“ಈಗ್ಲೂ ಆಡ್ತೀರಾ?”

“ಬಿಟ್ಟು ವರ್ಷಗಳಾದ್ವು.”

“ಮತ್ತೆ ನನ್ನನ್ನ ಯಾಕೆ ಬಿಟ್ರಿ?”

ಸುತ್ತಿ ಬಳಸದೆ ಕೇಳಿಯೇಬಿಟ್ಟ ಮಹಾರಾಯ! ಅವಳ ಕಣ್ಣು ತುಂಬಿತು.

“ನಿಮ್ಮ ಮೆಸೇಜ್ ಬಂತಾ ಅಂತ ಹಾಲು ಅಳೀತಾ ಅಳೀತಾನೇ ಫೋನ್ ನೋಡ್ತಿದ್ದೆ. ಬೆರಳು ಮತ್ತೆ ಆ ಗೇಮಿನ ದಿನಗಳ ಥರಾನೇ ತುರಿಸೋದು. ಹೆದರಿಬಿಟ್ಟೆ ಕಣ್ರೀ. ಇದು ಪ್ರೀತೀನಾ, ಆ ಹಳೇ ಚಟಾನೇ ವಾಪಸ್ ಬಂತಾ, ನಂಗೇ ಗೊತ್ತಾಗ್ಲಿಲ್ಲ. ಆಫ್ ಮಾಡಿ ರಾಗಿ ಡಬ್ಬದಲ್ಲಿ ಹೂತಿಟ್ಬಿಟ್ಟೆ.”

ಕೆಂಪರಾಜ್ ಕೈಯಲ್ಲಿದ್ದ ಕ್ಯಾನನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ, “ಪ್ರೀತಿ ಅಂದ್ರಾ ಈಗ?”

“ಅಯ್ಯೋ, ಸುಮ್ನಿರಿ!”

“ಆಯ್ತು, ಒಂದು ಮಾತು ಹೇಳಿ. ಆಗ ಗೇಮನ್ನ ಹಿಂಗೆ ಡಬ್ಬದಲ್ಲಿಟ್ಟು ಒಂದು ವಾರ ಇರಕ್ಕಾಗ್ತಿತ್ತಾ?”

“ಒಂದು ಗಂಟೇನೂ ಆಗ್ತಿರ್ಲಿಲ್ಲ.”

“ನನ್ನ ಇಟ್ರಲ್ಲ! ಹಾಲು ಅಳೆದ್ರಿ, ಊಟ ಮಾಡಿದ್ರಿ, ಅಜ್ಜೀನೂ ಕಚ್ಲಿಲ್ಲ. ನಿಮ್ಮ ಸಾಕು ಅನ್ನೋ ಜಾಗ ಗಟ್ಟಿಯಾಗೇ ಇದೆ ರೀ. ಸಡಿಲ ಆಗಿರೋದು ನಂದು. ಪ್ಯಾಕೆಟ್ ಹಾಲು ತಂದು ಡೈರಿ ಸಾಲಲ್ಲಿ ನಿಂತಿದೀನಿ ನೋಡಿ.”

ಅಕ್ಷತ ಅಳುತ್ತಲೇ ನಕ್ಕುಬಿಟ್ಟಳು. ಇಷ್ಟು ವರ್ಷ ಎರಡನೇ ಹೋಳಿಗೆ ಬೇಕೆನಿಸಿದರೂ ಅವಳು ತನ್ನ ತಲೆಯನ್ನೇ ಅನುಮಾನಿಸಿದ್ದಳು. ಹೀಗೂ ನೋಡಬಹುದೆಂದು ಯಾರೂ ಹೇಳಿರಲಿಲ್ಲ.

“ಮತ್ತೆ ಬೆರಳು ತುರಿಸಿದ್ರೆ?”

“ಮತ್ತೆ ಡಬ್ಬಕ್ಕೆ ಹಾಕಿ. ಹಾಕೋ ಮುಂಚೆ ಒಂದು ಮಾತು ಹೇಳಿ, ಅಷ್ಟೇ. ಕಾಯ್ತೀನಿ.” ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೇಳಿದ, “ಭಾನುವಾರ ಬರ್ಲಾ?”

ಅವಳು ಅವನ ನಿದ್ದೆಗೆಟ್ಟ ಕಣ್ಣುಗಳನ್ನು ನೇರವಾಗಿ ನೋಡಿದಳು. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಹೆದರಿಕೆಯಿರಲಿಲ್ಲ.

“ಬನ್ನಿ. ನೀವು ಬೇಕು ನಂಗೆ,” ಅಂದಳು, ಸ್ವಲ್ಪ ಜೋರಾಗಿಯೇ.

“ಸಾಕು ಬಾರಮ್ಮಣ್ಣಿ, ಕತ್ಲಾಯ್ತು!” ಮೂಲೆಯಿಂದ ಪಿಳ್ಳಮ್ಮನ ಕೂಗು. “ಮಿಕ್ಕಿದ್ದು ಭಾನುವಾರ ಮಾತಾಡೀರಂತೆ. ಬರೋವಾಗ ಪ್ಯಾಕೆಟ್ ಹಾಲು ತರ್ಬ್ಯಾಡ ಅಂತ ಆ ಹುಡುಗಂಗೆ ಹೇಳು!”

ಮನೆಗೆ ಬಂದವಳೇ ಅಕ್ಷತ ರಾಗಿ ಡಬ್ಬದೊಳಗೆ ಕೈ ಹಾಕಿದಳು. ಫೋನು ಆನ್ ಮಾಡಿ, “ಭಾನುವಾರದ ತನಕ ಡಬ್ಬದಲ್ಲಿಡ್ತೀನಿ. ಕಾಯ್ತಿರಿ” ಎಂದು ಬರೆದು ಕಳಿಸಿದಳು. ಉತ್ತರಕ್ಕೆ ಕಾಯದೆ ಫೋನನ್ನು ಮತ್ತೆ ರಾಗಿಯೊಳಗೆ ಇಳಿಸಿ, ಅಜ್ಜಿಗೆ ಬಡಿಸಲು ಹೋದಳು.