ಚುಕ್ಕಾಣಿ ಕೋಣೆಯ ಕೆಂಪು ಫಲಕ

ಯುದ್ಧ ಶುರುವಾದ ಮೇಲೆ ಬಂದರು ಠಾಣೆಗೆ ಬರುತ್ತಿದ್ದ ದೂರುಗಳೆಲ್ಲ ಗೂಢಚಾರರ ಮೇಲೆಯೇ. ಕಿಟಕಿಯಲ್ಲಿ ದೀಪ ಕಂಡರೆ ಗೂಢಚಾರ, ಬೆಕ್ಕು ಪಾತ್ರೆ ಬೀಳಿಸಿದರೂ ಗೂಢಚಾರ. ಹಾಗಾಗಿ ಹದಿನಾಲ್ಕನೇ ತಾರೀಕು ಬೆಳಗ್ಗೆ ಏಳಕ್ಕೆ ಯುದ್ಧನೌಕೆಯ ಲೆಫ್ಟಿನೆಂಟ್ ಏದುಸಿರು ಬಿಡುತ್ತ ಬಂದು, "ಹಡಗಲ್ಲಿ ಗೂಢಚಾರ ಸೇರ್ಕೊಂಡಿದಾನೆ" ಎಂದಾಗ ಇನ್ಸ್‌ಪೆಕ್ಟರ್ ಚಹಾದ ಲೋಟ ಕೆಳಗಿಡಲಿಲ್ಲ.

"ಏನು ಕಳುವಾಗಿದೆ?"

"ಚುಕ್ಕಾಣಿ ಯಂತ್ರದ ಪಿನ್. ಗೇಣುದ್ದದ ಉಕ್ಕಿಂದು. ಅದಿಲ್ದೆ ಹಡಗು ತಿರುಗೋದಿಲ್ಲ. ಸಂಜೆ ಹೊರಡ್ಬೇಕು ನಾವು. ದವಸದ ಹಡಗುಗಳು ನಾವು ಕಾವಲಿಗೆ ಬರ್ತೀವಿ ಅಂತ ಹೊರಗೆ ಕಾಯ್ತಾ ನಿಂತಿವೆ."

ಈಗ ಲೋಟ ಕೆಳಗಿಳಿಯಿತು. ಎಫ್‌ಐಆರ್ ದಾಖಲಾಯಿತು.

ಚುಕ್ಕಾಣಿ ಕೋಣೆ ಹಡಗಿನ ಹಿಂಬದಿಯ ತಳದಲ್ಲಿತ್ತು. ಅಲ್ಲಿಗೆ ಇಳಿಯುವ ಏಣಿಯಲ್ಲಿ ಹೆಡ್ ಕಾನ್ಸ್‌ಟೇಬಲ್‌ನ ಹೊಟ್ಟೆ ಸಿಕ್ಕಿಕೊಂಡಿತು. "ಸರ್, ಉಂಡವರಿಗೆ ಮಾಡಿದ ಏಣಿಯಲ್ಲ ಇದು" ಎಂದ. ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ಮಂಡಿ ಆಗಲೇ ಹಿಡಿದುಕೊಂಡಿತ್ತು.

ಪಂಚನಾಮೆ ಬರೆಸುವಾಗ ಅವರ ಕಣ್ಣು ಗೋಡೆಯ ಮೇಲಿನ ಸ್ವಿಚ್ಚಿನ ಮೇಲೆ ನಿಂತಿತು. ಅದಕ್ಕೊಂದು ಕೆಂಪು ತಗಡಿನ ಫಲಕ ನೇತುಬಿದ್ದಿತ್ತು: 'ಕೆಲಸ ನಡೆದಿದೆ, ಮುಟ್ಟಬೇಡಿ'.

"ಇದು ಯಾರದು?"

ರಿಪೇರಿ ಕೆಲಸದ ಮೇಸ್ತ್ರಿ ತಲೆ ಕೆರೆದುಕೊಂಡ. "ಅದೇ ಗೊತ್ತಾಗ್ತಿಲ್ಲ ಸಾರ್. ಯಂತ್ರದೊಳಗೆ ಕೈ ಹಾಕೋ ಮುಂಚೆ ಕರೆಂಟ್ ತೆಗೆದು ಫಲಕ ಹಾಕ್ತೀವಿ. ಹಾಕಿದವರೇ ತೆಗೀಬೇಕು. ಬೇರೆಯವರು ಯಾರೂ ಮುಟ್ಟೋ ಹಾಗಿಲ್ಲ, ನಾನೂ ಮುಟ್ಟೋ ಹಾಗಿಲ್ಲ."

ಪಿನ್ ಕದ್ದವರು ಹೋಗುವಾಗ ಫಲಕ ಬಿಟ್ಟು ಹೋಗಿದ್ದರು. ಪಿನ್ ಇಲ್ಲದ ಯಂತ್ರವನ್ನು ತಿಳಿಯದೆ ಯಾರಾದರೂ ಓಡಿಸಿದರೆ ಹತ್ತಿರ ನಿಂತವರ ಗತಿ ಅಷ್ಟೇ. ಶತ್ರುವಿನ ಕಡೆಯವನಿಗೆ ಇಲ್ಲಿಯವರ ಬೆರಳಿನ ಚಿಂತೆ ಯಾಕೆ? ಇದು ಒಳಗಿನವರದೇ ಕೆಲಸ ಎಂದು ಇನ್ಸ್‌ಪೆಕ್ಟರಿಗೆ ಖಾತ್ರಿಯಾಯಿತು.

ಹಿಂದಿನ ದಿನ ಅಲ್ಲಿ ದುಡಿದ ಫಿಟ್ಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ಎಲ್ಲರದೂ ಒಂದೇ ರಾಗ: ಫಲಕ ನಮ್ಮದಲ್ಲ. ಕೊನೆಗೆ ಬಂದವಳು ಹಡಗು ರಿಪೇರಿ ಕಟ್ಟೆಯವರೆಲ್ಲ 'ಅಕ್ಕ' ಎಂದೇ ಕರೆಯುತ್ತಿದ್ದ ಹೆಂಗಸು. ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಸ್ಪ್ಯಾನರ್ ಹಿಡಿದವಳು.

"ಹಡಗಲ್ಲಿ ನಿಮ್ಮೋರು ಯಾರಾದ್ರೂ ಇದಾರೇನಮ್ಮ?"

"ತಮ್ಮ ಇದಾನೆ. ಫಿರಂಗಿ ಕೆಲಸ."

"ಚೆನ್ನಾಗಿದಾನಾ?"

"ಡಾಕ್ಟ್ರು ಹಾಗಂದಿದಾರೆ."

ಉತ್ತರ ಇನ್ಸ್‌ಪೆಕ್ಟರಿಗೆ ರುಚಿಸಲಿಲ್ಲ. ಆದರೆ ಮುಖದ ಮೇಲಿನ ದುಗುಡವನ್ನು ಪುರಾವೆಯೆಂದು ಕೋರ್ಟಿಗೆ ಒಯ್ಯಲಾಗುವುದಿಲ್ಲವಲ್ಲ!

ಅಷ್ಟರಲ್ಲಿ ಮೇಸ್ತ್ರಿ ಗುಜರಿಗೆ ಬಿದ್ದಿದ್ದ ಹಳೆಯ ಹಡಗಿನಿಂದ ಒಂದು ಪಿನ್ ಕಿತ್ತು ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಕೂತಿತು. ಅವನು ಭುಜದವರೆಗೂ ತೋಳನ್ನು ಯಂತ್ರದೊಳಗೆ ತೂರಿಸಿ ಗ್ರೀಸ್ ಸವರುತ್ತಿದ್ದ. ಫಿಟ್ಟರ್‌ಗಳು ಸುತ್ತ ನಿಂತಿದ್ದರು. ಲೆಫ್ಟಿನೆಂಟನ ತಾಳ್ಮೆ ಎಂದೋ ಮುಗಿದಿತ್ತು.

"ಪಿನ್ ಕೂತಾಯ್ತಲ್ಲ, ಇನ್ನೇನು ನೋಡ್ತಿದೀರಿ?" ಎನ್ನುತ್ತ ಫಲಕ ಕಿತ್ತವನೇ ಸ್ವಿಚ್ಚಿಗೆ ಕೈ ಹಾಕಿದ.

ಅಕ್ಕ ಹಾರಿ ಬಂದು ಅವನ ಮಣಿಕಟ್ಟನ್ನು ತಿರುಚಿ ಹಿಡಿದಳು. "ನನ್ನ ಫಲಕ ತೆಗೆಯೋಕೆ ನೀನ್ಯಾರೋ! ಒಳಗೆ ಮನುಷ್ಯನ ಕೈ ಇದೆ!"

ಮೇಸ್ತ್ರಿ ಮೆಲ್ಲಗೆ ತೋಳು ಹೊರತೆಗೆದ. ತಾನು ಆಡಿದ್ದೇನೆಂಬುದು ಅಕ್ಕನಿಗೆ ಆಗ ಹೊಳೆಯಿತು.

ಪಿನ್ ಅವಳ ಊಟದ ಡಬ್ಬಿಯಲ್ಲಿ ಸಿಕ್ಕಿತು. ತುಕ್ಕು ಹಿಡಿಯದಿರಲಿ ಎಂದು ಗ್ರೀಸ್ ಹಚ್ಚಿ ಬಟ್ಟೆ ಸುತ್ತಿದ್ದಳು.

"ಯಾಕಮ್ಮ?"

"ಹೋದ ಸಲ ತಮ್ಮನ ಹಡಗು ಮುಳುಗ್ತು ಸಾರ್. ಕತ್ತಲಲ್ಲಿ ಹಲಗೆ ಹಿಡ್ಕೊಂಡು ತೇಲ್ತಿದ್ದನಂತೆ. ಆವಾಗಿಂದ ದೀಪ ಆರಿದ್ರೆ ಚೀರ್ತಾನೆ. ದೊಡ್ಡ ಡಾಕ್ಟ್ರು ನಾಳೆ ಬರ್ತಾರೆ. ಒಂದು ದಿನ ಹಡಗು ನಿಂತಿದ್ರೆ ತೋರಿಸ್ಬಹುದಿತ್ತು. ಹೆತ್ತಿಲ್ಲ ಅಷ್ಟೆ, ಸಾಕಿದ್ದು ನಾನೇ."

"ಹೊರಗೆ ಕಾಯ್ತಿರೋ ಹಡಗುಗಳಲ್ಲೂ ಯಾರದೋ ತಮ್ಮಂದಿರು ಇದಾರಲ್ಲಮ್ಮ."

"ಗೊತ್ತು. ಅದಕ್ಕೇ ನಿನ್ನೆಯಿಂದ ಊಟ ಸೇರ್ತಿಲ್ಲ."

ಇನ್ಸ್‌ಪೆಕ್ಟರ್ ಬಂಧನದ ಕಾಗದಕ್ಕೆ ಸಹಿ ಹಾಕಿದರು. ಹೊರಡುವಾಗ ಅವಳು ಹಿಂದೆ ತಿರುಗಿದಳು. "ಒಂದು ಕೆಲಸ ಬಾಕಿ ಇದೆ ಸಾರ್. ಎರಡು ನಿಮಿಷ ಸಾಕು."

ಅವರು ಬೇಡವೆನ್ನಲಿಲ್ಲ, ತಾವೇ ಜೊತೆಗೆ ನಡೆದರು. ಮೇಸ್ತ್ರಿಯೂ ಲೆಫ್ಟಿನೆಂಟನೂ ಹಿಂದೆಯೇ ಬಂದರು. ನಾವಿಕರು ಮಲಗುವ ಕೋಣೆಯಲ್ಲಿ ತಮ್ಮನ ಹಾಸಿಗೆಯ ಮೇಲ್ಗಡೆ ಗೋಡೆಯಲ್ಲೊಂದು ಸಣ್ಣ ದೀಪವಿತ್ತು. ತಮ್ಮ ಆಗ ಹಡಗಿನ ಮೇಲ್ತಟ್ಟಿನಲ್ಲಿ ಫಿರಂಗಿಯ ಬಳಿ ಇದ್ದ. ಅಕ್ಕ ದೀಪ ಹಚ್ಚಿ, ಜೇಬಿನಿಂದ ಇನ್ನೊಂದು ಕೆಂಪು ಫಲಕ ತೆಗೆದು ಅದರ ಸ್ವಿಚ್ಚಿಗೆ ತೂಗುಹಾಕಿದಳು.

"ಇದೇನಿದು? ಮಲಗೋ ಹೊತ್ತಿಗೆ ದೀಪ ಆರಿಸ್ಬೇಕು. ತೆಗೀರಿ ಅದನ್ನ" ಎಂದು ಲೆಫ್ಟಿನೆಂಟ್ ಎಗರಾಡಿದ.

ಮೇಸ್ತ್ರಿ ತನ್ನ ತೋಳಿನ ಗ್ರೀಸ್ ಒರೆಸಿಕೊಳ್ಳುತ್ತಿದ್ದ. "ಹಾಕಿದವರೇ ತೆಗೀಬೇಕು ಸಾರ್" ಎಂದ.

ಲೆಫ್ಟಿನೆಂಟ್ ಆ ತೋಳನ್ನು ನೋಡಿದ. ಫಲಕವನ್ನು ಹಾಗೇ ಬಿಟ್ಟು ಹೊರಟುಹೋದ.

ಸಂಜೆ ಹಡಗು ಹೊರಟಿತು. ವಶಪಡಿಸಿಕೊಂಡ ವಸ್ತುಗಳು ಎಂಬಲ್ಲಿ ಇನ್ಸ್‌ಪೆಕ್ಟರ್ ಒಂದು ಪಿನ್, ಒಂದು ಕೆಂಪು ಫಲಕ ಎಂದಷ್ಟೇ ಬರೆಸಿದರು. ಎರಡನೆಯ ಫಲಕ ಹಡಗಿನ ಜೊತೆ ಹೋಯಿತು. ಅದನ್ನು ಹಾಕಿದವಳು ಠಾಣೆಯ ಬೆಂಚಿನ ಮೇಲೆ ಕೂತು, ಹೆಡ್ ಕಾನ್ಸ್‌ಟೇಬಲ್ ತಂದಿಟ್ಟ ಊಟವನ್ನು ನಿಧಾನವಾಗಿ ಉಣ್ಣುತ್ತಿದ್ದಳು.