ಚೌಡ ಕಟ್ಟಿದ ಅಪ್ಪೆಮರ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಸಿದ್ದಾಪುರದ ಕಡೆಯ ಹೊಳೆಸಾಲಿನಲ್ಲಿ ಅಪ್ಪೆಮಿಡಿ ಕೊಯ್ಲು ಬೆಳಗಿನಿಂದಲೇ ನಡೆದಿತ್ತು. ನೆಲಕ್ಕೆ ಬಿದ್ದು ಜಜ್ಜಿದ ಮಿಡಿ ಉಪ್ಪಿನಕಾಯಿಗೆ ಬಾರದೆಂದು ಬುಟ್ಟಿಗಳನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುತ್ತಿದ್ದರು. ಗಾಳಿಯಲ್ಲೆಲ್ಲ ಸೊನೆಯ ಘಾಟು.

ಹೊಳೆಯಾಚೆಯ ಒಂದು ಮರದ ಬುಡಕ್ಕೆ ಮಾತ್ರ ಯಾರೂ ಸುಳಿದಿರಲಿಲ್ಲ. ಅದರ ಬೊಡ್ಡೆಗೆ ಕರಿ ಹಗ್ಗ ಸುತ್ತಿ, ಗಂಟಿನಲ್ಲಿ ಎಲುಬು ಸಿಕ್ಕಿಸಿ, ಕುಂಕುಮ ಬಳಿದಿತ್ತು.

"ಅದೊಂದು ಬೇಡ ತಮ್ಮಾ," ಎಂದಳು ದೇವಕ್ಕ. ಆ ದಂಡೆಯ ಬಿಡಾರದಲ್ಲಿ ಆಡು ಸಾಕಿಕೊಂಡಿದ್ದ ವಿಧವೆ, ಮಕ್ಕಳಿಲ್ಲ. "ನಮ್ಮನೆಯವ್ರು ಮಿಡಿ ಕಾಯೂಕೆ ಚೌಡ ಭೂತದ ಕಟ್ಟು ಹಾಕ್ಸಿದ್ರು. ಬಿಚ್ಚಿಸೂಕೆ ಮೊದ್ಲೇ ಹೋಗ್ಬಿಟ್ರು. ನಮ್ಮನೆ ಜನ ಬಿಟ್ಟು ಬೇರೆ ಯಾರು ಹತ್ತಿದ್ರೂ ಅದು ಬಿಡೂದಿಲ್ಲ."

ತುಷಾರ ನಕ್ಕ. ಹಾವೇರಿಯವನು, ವಕೀಲಿ ಓದಿ, ಈಗ ಮಾವನ ಉಪ್ಪಿನಕಾಯಿ ವ್ಯಾಪಾರಕ್ಕೆ ಮಿಡಿ ಹುಡುಕಿಕೊಂಡು ಬಂದಿದ್ದ. ಊರಿನಲ್ಲಿ ಹೆಂಡತಿ ಜ್ಯೋತಿಗೆ ದಿನ ತುಂಬಿತ್ತು. ಈ ಮರವೊಂದು ಮುಗಿದರೆ ಸಂಜೆಯ ಬಸ್ಸಿಗೆ ಅವಳ ಬಳಿ ಹೊರಡಬಹುದಿತ್ತು.

"ಯವ್ವಾ, ಈ ಮರಕ್ಕ ಮಾಲೀಕರು ಅದಾರೇನು?"

"ಇಲ್ಲ. ಹೊಳೆದಂಡೆ ಮರ."

"ಕಟ್ಟಿದಾಂವನೂ ಇಲ್ಲ. ಸತ್ತಾಂವಗ ಎಲ್ಲೀ ಕಬ್ಜಾ? ಯಾರದ್ದೂ ಅಲ್ಲದ್ದನ್ನ ಯಾಂವ ಮೊದಲು ಕೈವಶ ಮಾಡ್ಕೋತಾನೋ, ಅದು ಅವಂದು. ಕಾನೂನು!"

"ನಿಮ್ಮ ಕಾನೂನು ಮರ ಹತ್ತತ್ತಾ ವಕೀಲ್ರೇ?" ಜೊತೆಗಿದ್ದ ದಲ್ಲಾಳಿ ಮಂಜಪ್ಪ ಕೇಳಿದ. "ಚೌಡನ ಕಟ್ಟು ಅಂದ್ರೆ ನಾನಂತೂ ಹತ್ತೂದಿಲ್ಲ ಮಾರಾಯ್ರೇ."

"ನೀ ಕೆಳಗ ಬುಟ್ಟಿ ಹಿಡಿ. ಸತ್ತಾಂವಗ ಹೆದರೋ ಗಂಡಸು!"

ಹತ್ತಿದ. ಮೊದಲ ಕವಲು ದಾಟುತ್ತಲೇ ಸೊನೆಯ ವಾಸನೆ ಸತ್ತು, ಸುಟ್ಟ ಕೂದಲಿನ ನಾತ ಮೂಗಿಗೆ ಅಡರಿತು. ಜೀರುಂಡೆಗಳು ಒಮ್ಮೆಗೇ ಸುಮ್ಮನಾದವು. ನಡುಮಧ್ಯಾಹ್ನ, ಆದರೂ ಎಲೆಗಳ ನಡುವೆ ಮಸಿ ಬಳಿದಂಥ ಕತ್ತಲೆ. ಅವನು ಒಂದು ಗೊಂಚಲು ಮುರಿದ.

ಕಾಲಿಗೆ ಏನೋ ತಣ್ಣಗೆ ಸುತ್ತಿಕೊಂಡಿತು.

"ಇವ ಯಾರವ?"

ದನಿ ಬೊಡ್ಡೆಯ ಒಳಗಿನಿಂದ ಬಂದಿತ್ತು. ಕೆಳಗೆ ಮಂಜಪ್ಪನ ಕೈಯಿಂದ ಬುಟ್ಟಿ ಬಿತ್ತು.

"ಮಂಜಪ್ಪಾ! ನಿಮ್ಮಾಂವ ಅನ್ನೋ!"

ಮಂಜಪ್ಪ ಹಿಂದಕ್ಕೆ ಸರಿದ. "ನಂಗೊತ್ತಿಲ್ಲ... ನಮ್ಮವ ಅಲ್ಲ..." ಎಂದು ತೊದಲಿ ಹೊಳೆಗಿಳಿದು ಓಡಿದ.

"ಯಾರವನೂ ಅಲ್ಲ," ಎಂದಿತು ದನಿ. ತೃಪ್ತಿಯಿಂದ.

ಹಿಡಿತ ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ತೊಗಟೆ ಬಾಯ್ಬಿಟ್ಟಿತು. ಕಾಲು ಒಳಗಿಳಿಯಿತು. ಒಳಗೆ ತೇವ. ಒಳಗೆ ಉಸಿರು. ಕೂಗಿದ. ಕೂಗು ಹೊರಡಲಿಲ್ಲ.

ದೇವಕ್ಕ ಓಡಿ ಬಂದು ಬೊಡ್ಡೆಗೆ ಎರಡೂ ಅಂಗೈ ಒತ್ತಿದಳು.

"ಬಿಡು! ನಮ್ಮನೆಯವ. ನನ್ನ ಮಗ!"

ಹಿಡಿತ ಸಡಿಲಿತು. ತುಷಾರ ಕೆಳಗೆ ಬಿದ್ದ.

ಸಂಜೆ ಬಸ್ಸಿಗೆಂದು ಹೊರಟವನಿಗೆ ಹೊಳೆಯ ನಡುವೆ ಉಸಿರು ಕಟ್ಟಿತು. ನೀರು ಮೊಣಕಾಲುದ್ದವೂ ಇರಲಿಲ್ಲ. ಹಿಂದಿರುಗಿದ, ಉಸಿರು ಬಂತು. ಮತ್ತೆ ಇಳಿದ, ಮತ್ತೆ ಕಟ್ಟಿತು.

ದೇವಕ್ಕ ದಂಡೆಯಲ್ಲಿ ಕುಳಿತು ನೋಡುತ್ತಿದ್ದಳು. "ಎಂತ ಮಾಡ್ಲಿ ಮಗಾ. ನಮ್ಮನೆಯವ ಅಂದಾಯ್ತು, ಚೌಡ ಹೊಳೆ ದಾಟೂಕೆ ಬಿಡೂದಿಲ್ಲ. ಇನ್ನು ನೀನೂ ಇಲ್ಲೇ, ನಿಂದು ಅಂತ ನೀ ಹೇಳಿದ್ದೂ ಇಲ್ಲೇ. ಯಾರದ್ದೂ ಅಲ್ಲದ್ದು ಮಾತ್ರ ಆ ಮರದ್ದು."

ಮಳೆಗಾಲಕ್ಕೆ ಮೊದಲು ಜ್ಯೋತಿ ಬಂದಳು. ಎದೆಗವುಚಿದ ಕೂಸಿನೊಂದಿಗೆ ಆಚೆ ದಂಡೆಯಲ್ಲಿ ನಿಂತಳು.

"ಯಾಕ ಹಿಂಗ ನಿಂತೀರಿ? ಬರ್ರಿ, ನಿಮ್ಮ ಮಗಳನ್ನ ನೋಡ್ರಿ!"

ಅವನ ತುಟಿ ಬಿಚ್ಚಿತು. ಬೆನ್ನ ಹಿಂದೆ ದೇವಕ್ಕ ಎರಡೂ ಕೈ ಚಾಚಿದ್ದಳು.

"ನಿಂದಾ ಮಗಾ?" ಆಸೆಯಿಂದ ಕೇಳಿದಳು.

ಹೌದೆಂದರೆ ಕೂಸು ಈ ದಂಡೆಯದು. ಯಾರದ್ದೂ ಅಲ್ಲವೆಂದರೆ... ಗಾಳಿಯಿರಲಿಲ್ಲ, ಮರದ ಎಲೆಗಳೆಲ್ಲ ಹೊಳೆಯ ಕಡೆ ತಿರುಗಿದವು.

"ನಂದಲ್ಲ!" ತುಷಾರ ಕಿರುಚಿದ. "ನಿಂದು ಅನ್ನು ಜ್ಯೋತಿ! ಜೋರಾಗಿ ಅನ್ನು!"

ಅವಳ ಮುಖ ಸುಣ್ಣದಂತಾಯಿತು.

"ನಂದ. ನನ್ನೊಬ್ಬಾಕೀದ. ನಿಮ್ಮ ಹೆಸರು ಸೈತ ಇದಕ್ಕ ಬ್ಯಾಡ."

ಎಲೆಗಳು ಜೋತುಬಿದ್ದವು. ದೇವಕ್ಕ ಕೈ ಇಳಿಸಿದಳು. ಕೂಸಿನ ಅಳು ರಸ್ತೆಯ ತಿರುವಿನವರೆಗೂ ಕೇಳಿಸಿತು. ಅದರ ಮುಖ ಅವನಿಗೆ ಕಂಡಿರಲಿಲ್ಲ. ಬಿಸಿಲೆಂದು ಜ್ಯೋತಿ ಸೆರಗು ಮುಚ್ಚಿದ್ದಳು.