ಸದ್ದಡಗಿದ ಕಪ್ಪೆ ಕಾರು

"ನನ್ನ ಕಾರಿಗೆ ಕೈ ಹಾಕಿದ್ದು ಯಾರು?!"

ಕಾರು ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಕೆನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಜಾವಾದ ಬೊರೊಬುದುರ್ ಬೌದ್ಧ ಸ್ತೂಪದ ಸುತ್ತಲಿನ ಹಳ್ಳಿಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಅವಳ ಹಳೆಯ ಫೋಕ್ಸ್‌ವ್ಯಾಗನ್‌ಗೆ ದುಂಡು ಆಕಾರ ನೋಡಿ ಊರವರು ಇಟ್ಟ ಹೆಸರು ಕಪ್ಪೆ ಕಾರು. ತೀರಿಹೋದ ಅಪ್ಪ ಅವಳಿಗೆ ಬಿಟ್ಟುಹೋದದ್ದು ಅದೊಂದೇ.

"ನಾನೇ, ಮ್ಬಾಕ್," ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯುವ ಜಾವಾ ಮಾತಲ್ಲಿ ಉತ್ತರಿಸುತ್ತ ಮೆಕ್ಯಾನಿಕ್ ಜತ್ಮಿಕೊ ಎದ್ದು ನಿಂತ. "ವಾಲ್ವ್ ನೋಡು ಅಂತ ನಿಮ್ಮ ಚಿಕ್ಕಪ್ಪ ಬಿಟ್ಟುಹೋಗಿದ್ರು."

"ಇದು ನೋಡೋ ರೀತಿನಾ? ಹೊಲಿಗೆ ಮಿಷನ್ ಥರ ಟಿಕ್ ಟಿಕ್ ಅಂತಿದೆ! ಅತಿಥಿಗಳೆಲ್ಲ ನಗ್ತಿದ್ದಾರೆ! ಈಗಲೇ ನಿಲ್ಸಿ!"

"ಅಷ್ಟು ಸದ್ದು ಇರಲೇಬೇಕು. ಬಿಸಿ ಎಂಜಿನ್ ಮುಟ್ಟೋ ಹಾಗೂ ಇಲ್ಲ. ತಣ್ಣಗಾಗ್ಲಿ..."

"ಸಾಕು ಮಾಸ್ ನಿಮ್ಮ ನೆಪ!" ಗಂಡಸರನ್ನು ಕರೆಯುವ ಆ ಗೌರವದ ಮಾತೂ ಅವಳ ಬಾಯಲ್ಲಿ ಬೈಗುಳದಂತಿತ್ತು.

ಮನೆಗೆ ಬಂದವಳೇ ಅಪ್ಪನ ಸ್ಪ್ಯಾನರ್ ಹಿಡಿದು, ಬಿಸಿ ಎಂಜಿನ್‌ನಲ್ಲೇ ವಾಲ್ವ್‌ಗಳನ್ನು ಬಿಗಿ ಮಾಡಿದಳು. ಸದ್ದು ಅಡಗಿತು. ಗೆದ್ದೆ ಅಂದುಕೊಂಡಳು!

ಮರುದಿನ ಬೆಳಿಗ್ಗೆ ಹೋಟೆಲಿನಿಂದ ವೃದ್ಧ ದಂಪತಿಯನ್ನು ಕೂರಿಸಿಕೊಂಡು ಬರುತ್ತಿದ್ದರೆ, ಶೆಡ್ಡಿನ ಎದುರು ನಡುರಸ್ತೆಯಲ್ಲಿ ಜತ್ಮಿಕೊ ಕೈ ಚಾಚಿ ನಿಂತಿದ್ದ.

ಕಿರ್ರ್... ಬ್ರೇಕ್!

"ಸಾಯೋಕೆ ಬೇರೆ ಕಾರು ಸಿಗ್ಲಿಲ್ವಾ?"

"ಸಾಯ್ತಿರೋದು ನಿಮ್ಮ ಎಂಜಿನ್ನು!" ಅವನೂ ಕೂಗಿದ. "ಬಿಗಿ ಮಾಡಿದ್ರಿ ತಾನೇ? ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ. ಬೆಟ್ಟದ ಏರಲ್ಲಿ ಅದರ ತಲೆ ಮುರಿದು ಬಿದ್ರೆ? ಹಿಂದೆ ಕೂತಿರೋ ಈ ಹಿರಿಯರ ಗತಿ ಏನು?"

ನಿಕೆನ್‌ಳ ಕೆನ್ನೆ ಉರಿಯಿತು. ಅತಿಥಿಗಳ ಎದುರು ಇಷ್ಟು ಅವಮಾನವೇ?

ಅವನು ತನ್ನ ಕಾರಿನ ಕೀ ಚಾಚಿದ. "ಇದನ್ನ ತಗೊಂಡು ಹೋಗಿ. ನಿಮ್ಮ ಕಾರನ್ನಂತೂ ಮುಂದೆ ಹೋಗೋಕೆ ಬಿಡಲ್ಲ."

ಬೇರೆ ದಾರಿಯಿರಲಿಲ್ಲ. ಕೀ ಕಿತ್ತುಕೊಂಡಳು.

ಮಧ್ಯಾಹ್ನ ಶೆಡ್ಡಿಗೆ ಮರಳಿದಾಗಲೂ ಅವಳ ಕಾರಿನ ವಾಲ್ವ್ ಮುಚ್ಚಳ ಹಾಗೇ ಇತ್ತು.

"ನಿಮ್ಮ ಕಣ್ಣೆದುರೇ ತೆಗೀಬೇಕು ಅಂತ ಕಾದೆ. ಎಂಜಿನ್ ತಣ್ಣಗಾಗಿದೆ. ನೀವೇ ನೋಡಿ."

ಮುಚ್ಚಳ ತೆಗೆದು, ಕೂದಲೆಳೆಯಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಅವಳ ಕೈಗಿತ್ತ. ವಾಲ್ವ್‌ನ ಸಂದಿನಲ್ಲಿ ಅದು ಜಾರಬೇಕು. ಎರಡು ಸಿಲಿಂಡರ್‌ಗಳಲ್ಲಿ ಕಷ್ಟಪಟ್ಟು ಜಾರಿತು. ಮೂರನೆಯದರಲ್ಲಿ... ತೂರಲೇ ಇಲ್ಲ.

'ಅಪ್ಪನ ಕಾರು... ನನ್ನ ಕೈಯಾರೆ...!'

ಕೋಪ ಈಗ ತನ್ನ ಮೇಲೇ ತಿರುಗಿತು. ಕಣ್ಣು ತುಂಬಿತು.

"ಬೈದುಬಿಡಿ ಮಾಸ್."

"ಬೆಳಿಗ್ಗೆನೇ ಬೈದಾಯ್ತಲ್ಲ," ಎಂದು ಅವನು ಸದ್ದಿಲ್ಲದೆ ತಿರುಪು ಸಡಿಲಿಸತೊಡಗಿದ.

"ನಾನು ಬಿಗಿ ಮಾಡಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಅವನ ಕೈ ನಿಂತಿತು.

"ವರ್ಷದಿಂದ ನಿಮ್ಮ ಕಾರು ಈ ದಾರೀಲಿ ಹೋಗೋದು ಕೇಳಿದ ಮೇಲೇ ನಾನು ಕೆಲಸ ಶುರು ಮಾಡೋದು. ಇವತ್ತು ಹೋಟೆಲ್ ಕಡೆ ಹೋದ್ರಿ... ಟಿಕ್ ಅನ್ನೋದೇ ಇಲ್ಲ. ಎದೆ ಧಸಕ್ಕಂತು. ನೀವು ವಾಪಸ್ ಬರೋ ತನಕ ರಸ್ತೇಲೇ ನಿಂತಿದ್ದೆ."

ನಿಕೆನ್ ಮತ್ತೆ ಸಿಡಿದಳು.

"ಒಂದು ವರ್ಷ! ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ?"

"ಭಯ ಆಯ್ತು."

"ನನ್ನ ಕೋಪಕ್ಕಾ?"

"ನೀವು ಬೇಡ ಅಂದ್ಬಿಟ್ರೆ ಅಂತ..."

ಅವಳು ಮುಖ ತಿರುಗಿಸಿದಳು. ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

"ನಾಳೆ ನಂಗೆ ರಜ. ಮನೆಗೆ ಬನ್ನಿ. ಅಮ್ಮ ಸೋತೊ ಸೂಪ್ ಮಾಡ್ತಾರೆ."

"ನಿಜವಾಗ್ಲೂ?"

"ಕೋಪ ಹೋಯ್ತು ಅಂದ್ಕೋಬೇಡಿ!"

"ಅದು ಹೋಗೋವರೆಗೂ ಅಲ್ಲೇ ಕೂತಿರ್ತೀನಿ."

"ಹಾಗಾದ್ರೆ..." ಅವಳ ದನಿ ಮೆತ್ತಗಾಯಿತು, "ಕೋಪ ಬೇಗ ಹೋಗಲ್ಲ, ಮಾಸ್."